ಪ್ರಸಾದ ನಿಲಯವೂ ಮಲೆನಾಡಿನ ವಿದ್ಯಾರ್ಥಿಯೂ

ನಮ್ಮ ಮಠಗಳ ಇತಿಹಾಸವನ್ನು ಬರೆದ ವಿದ್ವಾಂಸರು ಗುರುಪರಂಪರೆ, ಶಾಸನ, ಗ್ರಂಥಸಂಪತ್ತುಗಳನ್ನು ಕುರಿತು ಸಾಕಷ್ಟು ಶ್ರಮಿಸಿದ್ದಾರೆ. ಆದರೆ ಮಠದ ಆವರಣದಲ್ಲಿಯೇ ಇರುವ ಪ್ರಸಾದ ನಿಲಯದ ಕಡೆಗೆ ಅವರ ಗಮನ ಅಷ್ಟಾಗಿ ಹರಿದಿಲ್ಲ. ಅದನ್ನು ಅನ್ನದಾನದ ಒಂದು ಅಂಗವೆಂದೆಣಿಸಿ ಮುಂದೆ ಸಾಗುವುದೇ ವಾಡಿಕೆ. ವಾಸ್ತವವಾಗಿ ಹಳ್ಳಿಯ ಬಡ ಪ್ರತಿಭಾವಂತನನ್ನು ಶಾಲೆಯಿಂದ ಕಾಲೇಜಿನ ಬಾಗಿಲಿನವರೆಗೆ, ವರ್ಷದ ಹನ್ನೆರಡು ತಿಂಗಳೂ ಕೈಬಿಡದೆ ನಡೆಸಿಕೊಂಡು ಬಂದ ಕಾರ್ಯದಲ್ಲಿ ಈ ನಿಲಯಗಳ ಪಾಲು ಬಹು ದೊಡ್ಡದು. ಇದನ್ನು ಸ್ಮರಿಸಿ, ಇನ್ನು ಉಳಿದಿರುವ ಕೆಲಸವೇನೆಂದು ಆಲೋಚಿಸುವುದೇ ಈ ಲೇಖನದ ಉದ್ದೇಶ.

‘ವರ್ಷದ ಹನ್ನೆರಡು ತಿಂಗಳೂ’ ಎಂಬ ಮಾತಿನ ತೂಕ ಸಕಲೇಶಪುರ, ಆಲೂರು ಸೀಮೆಯಲ್ಲಿ ಪಾಠ ಹೇಳಿದವರಿಗೆ ಬೇಗ ತಿಳಿಯುತ್ತದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ಮಳೆಯೂ ಬರುತ್ತದೆ. ಹೆತ್ತೂರು, ಹಾನಬಾಳು, ಯಸಳೂರು ಕಡೆಯ ಹಳ್ಳಗಳು ತುಂಬಿದರೆ ದೂರದ ಮಕ್ಕಳು ದಿನಗಟ್ಟಲೆ ತರಗತಿಗೆ ಬರಲಾರರು. ಮಳೆ ಹಿಂದೆಗೆದು ದೀಪಾವಳಿ ಕಳೆಯುತ್ತಿದ್ದಂತೆ ಕಾಫಿ ಕೊಯ್ಲು ಆರಂಭ. ಮೊದಲು ಅರೇಬಿಕಾ, ಅನಂತರ ರೊಬಸ್ಟಾ. ತೋಟದ ಲೈನುಗಳಲ್ಲಿ ವಾಸಿಸುವ ಕುಟುಂಬಗಳಿಗೆ ಅದು ನಾಲ್ಕು ಕಾಸು ಕಾಣುವ ಕಾಲ. ತಾಯಿತಂದೆಯರು ಹಣ್ಣು ಬಿಡಿಸಲು ಹೋದಾಗ ದೊಡ್ಡ ಮಕ್ಕಳು ಮನೆಯಲ್ಲಿ ಚಿಕ್ಕವರನ್ನು ಕಾಯಬೇಕು, ಇಲ್ಲವೆ ತಾವೂ ತೋಟಕ್ಕೆ ಹೋಗಬೇಕು. ಕೊಯ್ಲು ಮುಗಿಯುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಸಂಜೆ ವಿಶೇಷ ತರಗತಿ ನಡೆಸೋಣವೆಂದರೆ ಆನೆಯ ಭಯ. ಕತ್ತಲಾಗುವ ಮುನ್ನ ಮಕ್ಕಳು ಮನೆ ಸೇರಬೇಕು. ಆದ್ದರಿಂದ ಇಲ್ಲಿ ಬುದ್ಧಿಗೆ ಬಡತನವಿಲ್ಲದಿದ್ದರೂ ಓದಿನ ವರ್ಷ ಹರಿದು ಚೂರಾಗಿರುತ್ತದೆ.

ನನ್ನ ಸೇವಾವಧಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು. ತೋಟದ ಲೈನಿನಿಂದ ಬರುತ್ತಿದ್ದ ಹುಡುಗನೊಬ್ಬ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಶಾಲೆಗೆ ಮೊದಲಿಗನಾದ. ಗಣಿತದಲ್ಲಿ ಅವನಿಗೆ ವಿಶೇಷ ಗತಿಯಿತ್ತು. ನಾವೆಲ್ಲ ಸೇರಿ ಅವನನ್ನು ಸನ್ಮಾನಿಸಿದೆವು. ನಾನು ವಚನಸಂಗ್ರಹವೊಂದನ್ನು ಬಹುಮಾನವಾಗಿ ಕೊಟ್ಟೆ. ಅವನು ಪಟ್ಟಣದಲ್ಲಿ ಪಿ.ಯು. ವಿಜ್ಞಾನಕ್ಕೆ ಸೇರಿದ. ಹತ್ತು ವರ್ಷ ಕನ್ನಡದಲ್ಲಿ ಓದಿದವನಿಗೆ ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಬೆಳಗಿನ ಬಸ್ಸು ತಪ್ಪಿದರೆ ಅಂದಿನ ಪಾಠವೂ ತಪ್ಪಿದಂತೆ. ಮೊದಲ ಕಿರುಪರೀಕ್ಷೆಗಳಲ್ಲಿ ಅನುತ್ತೀರ್ಣನಾದ, ಯಾರಲ್ಲಿಯೂ ಹೇಳಿಕೊಳ್ಳಲಿಲ್ಲ. ಯುಗಾದಿಯ ಹೊತ್ತಿಗೆ ಅವನು ತೋಟದ ಕೆಲಸಕ್ಕೆ ಹೋಗುತ್ತಿದ್ದನೆಂಬುದು ನನಗೆ ತಿಳಿದದ್ದು ಮುಂದಿನ ವರ್ಷ. ನಾನು ಬಹುಮಾನ ಕೊಟ್ಟಿದ್ದೆ, ದಾರಿಗೆ ಬುತ್ತಿ ಕಟ್ಟಿ ಕೊಟ್ಟಿರಲಿಲ್ಲ. ಆ ಖೇದ ಇಂದಿಗೂ ಹೋಗಿಲ್ಲ.

ಅನ್ನವನ್ನೂ ಅರಿವನ್ನೂ ಒಂದೇ ಸೂರಿನಡಿ ನೀಡುವುದು ಕನ್ನಡನಾಡಿಗೆ ಹೊಸದಲ್ಲ. ಬಳ್ಳಿಗಾವೆಯ ಕಾಳಾಮುಖ ಪರಂಪರೆಯ ಕೋಡಿಯಮಠವನ್ನು ಕುರಿತ 1162ರ ಶಾಸನವು ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಅಧ್ಯಯನವನ್ನು ವರ್ಣಿಸುವಾಗಲೇ ದೀನರಿಗೂ ಅನಾಥರಿಗೂ ದೊರೆಯುತ್ತಿದ್ದ ಅನ್ನವನ್ನೂ ಹೇಳುತ್ತದೆ. ಅದೇ ಶತಮಾನದಲ್ಲಿ ಶರಣರು ದಾಸೋಹವನ್ನು ಸಾಧನೆಯ ಪದವಿಗೇರಿಸಿದರು. ಕೊಡುವವನು ‘ನಾನು ಕೊಟ್ಟೆ’ ಎಂಬ ಭಾವವನ್ನು ಕಳೆದುಕೊಂಡಾಗಲೇ ಅದು ದಾಸೋಹ. ಈ ತತ್ತ್ವವು ಆಧುನಿಕ ವಿದ್ಯಾಭ್ಯಾಸದ ಅಗತ್ಯದೊಡನೆ ಕೂಡಿದುದು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ.

ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು ಶಿರಸಂಗಿಯ ಲಿಂಗರಾಜ ದೇಸಾಯಿಯವರು. 1906ರಲ್ಲಿ ಲಿಂಗೈಕ್ಯರಾದ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟರು. ವಚನಗಳ ಸಂಪಾದನೆಗಾಗಿ ಸರ್ವಸ್ವವನ್ನೂ ತೆತ್ತ ಫ. ಗು. ಹಳಕಟ್ಟಿಯವರು 1910ರಲ್ಲಿ ವಿಜಾಪುರದಲ್ಲಿ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ತಾಳೆಗರಿಗಳನ್ನು ಹುಡುಕಿದ ಕೈಯೇ ಶಾಲೆಯನ್ನೂ ಕಟ್ಟಿತೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಮರೆಯಬಾರದು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆ ಜನ್ಮತಾಳಿತು. ಏಳು ಮಂದಿ ತರುಣ ಶಿಕ್ಷಕರು ಅದಕ್ಕೆ ಜೀವ ತೆತ್ತರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು.

ಅದೇ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾಯಿತು. ಆದರೆ ಹಾಸನ ಸೀಮೆಯ ವಿದ್ಯಾರ್ಥಿಯು ಕಾಲೇಜು ಓದಬೇಕಾದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಿತ್ತು. ಅಲ್ಲಿ ಅವನನ್ನು ಮೊದಲು ಎದುರುಗೊಳ್ಳುತ್ತಿದ್ದುದು ‘ಎಲ್ಲಿ ಮಲಗಲಿ, ಯಾರು ಊಟವಿಕ್ಕುವರು’ ಎಂಬ ಚಿಂತೆ. ಈ ಚಿಂತೆಯನ್ನು ಅರಿತವರಲ್ಲಿ ಗುಬ್ಬಿ ತೋಟದಪ್ಪನವರು (1838–1910) ಅಗ್ರಗಣ್ಯರು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಯಾತ್ರಿಕರಿಗಾಗಿ ಧರ್ಮಛತ್ರವನ್ನು ಕಟ್ಟಿಸಿದ ಆ ವ್ಯಾಪಾರಿ ಹಳ್ಳಿಯ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ಏರ್ಪಡಿಸಿದರು.

ಈ ಪರಂಪರೆಯು ಪೂರ್ಣವಾಗಿ ವಿಕಾಸ ಹೊಂದಿದ್ದು ತುಮಕೂರಿನ ಸಿದ್ಧಗಂಗೆಯಲ್ಲಿ. ಡಾ. ಶಿವಕುಮಾರ ಸ್ವಾಮಿಗಳು (1907–2019) ಪೂರ್ವಾಶ್ರಮದಲ್ಲಿ ಸ್ವಲ್ಪ ಕಾಲ ಅದೇ ಮಠದಲ್ಲಿದ್ದು ಓದಿದವರು. ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದರು. 1930ರಲ್ಲಿ ಉತ್ತರಾಧಿಕಾರಿಯಾಗಿ, 1941ರಲ್ಲಿ ಮಠದ ಹೊಣೆಯನ್ನು ಹೊತ್ತ ಮೇಲೆ ಊರೂರು ತಿರುಗಿ ಭಕ್ತರಿಂದ ದವಸಧಾನ್ಯ ತಂದು ನಿಲಯವನ್ನು ನಡೆಸಿದರು. ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅಲ್ಲಿ ಅನ್ನ, ಆಶ್ರಯ, ಅಕ್ಷರಗಳು ದೊರೆತವು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ವಿದ್ಯಾರ್ಥಿನಿಲಯದ ಕೈಂಕರ್ಯವನ್ನು ಮೈಸೂರಿನಲ್ಲಿ ಕೈಗೊಂಡು, 1954ರಲ್ಲಿ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು.

ನಿಲಯದ ಗುಣವೇನೆಂಬುದನ್ನು ವಿಚಾರಿಸಬೇಕು. ಅಲ್ಲಿ ಬೆಳಗಿಗೂ ಸಂಜೆಗೂ ಪ್ರಾರ್ಥನೆಯುಂಟು, ಹೊತ್ತಿಗೆ ಸರಿಯಾಗಿ ಊಟವುಂಟು, ಓದಲು ದೀಪವುಂಟು. ಮಳೆಯಿಂದ ದಾರಿ ಕಟ್ಟದು, ಕೊಯ್ಲು ಕರೆಯದು. ಮೇಲಿನ ತರಗತಿಯವನು ಕೆಳಗಿನವನಿಗೆ ಲೆಕ್ಕ ಹೇಳಿಕೊಡುತ್ತಾನೆ. ಕಾಲೇಜು ಕಂಡುಬಂದವನೊಬ್ಬ ಪಕ್ಕದ ಚಾಪೆಯ ಮೇಲಿದ್ದರೆ ಕಾಲೇಜಿನ ಭಯ ಅರ್ಧ ಇಳಿಯುತ್ತದೆ. ಹರಿದ ವರ್ಷವನ್ನು ನಿಲಯವು ಹೀಗೆ ಹೊಲಿದು ಒಂದಾಗಿಸಿತು.

ನ್ಯೂನತೆಗಳನ್ನು ಮರೆಮಾಚುವುದು ಇತಿಹಾಸಧರ್ಮವಲ್ಲ. ಆರಂಭದ ನಿಲಯಗಳಲ್ಲಿ ಹಲವು ಸ್ವಸಮಾಜದ ಹುಡುಗರಿಗೆ ಮಾತ್ರ ತೆರೆದಿದ್ದವು. ಅಕ್ಕನ ಹೆಸರನ್ನು ನಿತ್ಯ ಸ್ಮರಿಸಿದ ನಾವು ಹೆಣ್ಣುಮಕ್ಕಳ ನಿಲಯಗಳನ್ನು ಕಟ್ಟಲು ತಡಮಾಡಿದೆವು. ಅನ್ನಾಶ್ರಯ ನೀಡಿದ ಎಷ್ಟೋ ಕಡೆ ಪಾಠದ ಮಾರ್ಗದರ್ಶನವು ಅವರವರ ಪಾಡಿಗೆ ಉಳಿಯಿತು.

ಸರ್ಕಾರವೂ ಈ ದಾರಿಯನ್ನು ಹಿಡಿದಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಆರಂಭವಾದ ನವೋದಯ ವಿದ್ಯಾಲಯಗಳು ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ವಸತಿಯೊಡನೆ ವಿದ್ಯೆ ನೀಡುತ್ತವೆ. ಕನಿಷ್ಠ ಶೇಕಡಾ 75 ಸ್ಥಾನಗಳು ಗ್ರಾಮೀಣರಿಗೆ ಮೀಸಲು. ನಮ್ಮ ರಾಜ್ಯದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಬಂದಿವೆ. ದೂರದ ಅಮೆರಿಕದಲ್ಲಿ 1965ರಲ್ಲಿ ತೊಡಗಿದ ‘ಅಪ್‌ವರ್ಡ್ ಬೌಂಡ್’ ಯೋಜನೆಯು ಬಡ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಕಾಲೇಜಿನ ಆವರಣದಲ್ಲಿಯೇ ಇರಿಸಿಕೊಂಡು, ಉಳಿದ ತಿಂಗಳುಗಳಲ್ಲಿಯೂ ಪಾಠದ ನೆರವು ನೀಡುವ ಕ್ರಮವನ್ನಿಟ್ಟಿತು. ದೇಶ ಬೇರೆಯಾದರೂ ಕಂಡುಕೊಂಡ ಸತ್ಯ ಒಂದೇ: ಪ್ರತಿಭೆಯನ್ನು ಪರೀಕ್ಷೆಯಿಂದ ಗುರುತಿಸಬಹುದು, ಸಾಕುವುದಕ್ಕೆ ಇಡೀ ವರ್ಷ ಬೇಕು.

ಆದರೆ ನವೋದಯದಲ್ಲಿ ಒಂದು ಜಿಲ್ಲೆಯಿಂದ ವರ್ಷಕ್ಕೆ ಆಯ್ಕೆಯಾಗುವವರು ಹೆಚ್ಚೆಂದರೆ 80 ಮಂದಿ. ಉಳಿದವರು ಹೆತ್ತೂರಿನಲ್ಲಿಯೂ ಕೆಂಚಮ್ಮನ ಹೊಸಕೋಟೆಯಲ್ಲಿಯೂ ಇದ್ದಾರೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೂ ಪಿ.ಯು. ತರಗತಿಗೂ ನಡುವೆ ಕೆಲವು ವಾರಗಳ ಬಿಡುವುಂಟು. ಆ ಅವಧಿಯಲ್ಲಿ ಮಲೆನಾಡಿನ ಮಕ್ಕಳನ್ನು, ಯಾವ ಜಾತಿಯವರೇ ಆಗಲಿ, ಹುಡುಗಿಯರನ್ನೂ ಸೇರಿಸಿ, ಮಠದ ನಿಲಯದಲ್ಲಿ ಉಳಿಸಿಕೊಂಡು ವಿಜ್ಞಾನ ಗಣಿತಗಳ ಇಂಗ್ಲಿಷ್ ಪರಿಭಾಷೆಯನ್ನು ಕನ್ನಡದ ಮೂಲಕ ಹೇಳಿಕೊಟ್ಟರೆ ಎಷ್ಟೋ ಮಕ್ಕಳು ಉಳಿದಾರು. ಕೊಯ್ಲಿನ ತಿಂಗಳುಗಳಲ್ಲಿ ಹತ್ತನೆಯ ತರಗತಿಯವರಿಗೂ ಹೀಗೆಯೇ ಆಶ್ರಯ ಬೇಕು. ಕಾಲೇಜು ಸೇರಿದ ಮೇಲೆ ಮೊದಲ ವರ್ಷವಾದರೂ ತಿಂಗಳಿಗೊಮ್ಮೆ ಅವರನ್ನು ಕರೆದು ವಿಚಾರಿಸಬೇಕು. ಕಟ್ಟಡಗಳಿವೆ, ಅಡುಗೆಯ ಒಲೆ ಉರಿಯುತ್ತಿದೆ. ಪಾಠ ಹೇಳಲು ನನ್ನಂತಹ ನಿವೃತ್ತರು ತಾಲ್ಲೂಕಿಗೆ ಹತ್ತಾರು ಮಂದಿ ಇದ್ದೇವೆ. ಸಂಬಳದ ಮಾತು ಬೇಡ. ಅಕ್ಷರ ಬಲ್ಲವನು ಅಕ್ಷರದಿಂದಲೇ ದಾಸೋಹ ಮಾಡಬೇಕಲ್ಲವೆ? ಮುಂದಿನ ಬೇಸಿಗೆಗೆ ಯಾವುದೇ ನಿಲಯ ಬಾಗಿಲು ತೆರೆದರೂ ಗಣಿತದ ಪುಸ್ತಕ ಹಿಡಿದು ಬರಲು ಈ ಲೇಖಕ ಸಿದ್ಧನಿದ್ದಾನೆ.