ಪೀನಸಕ್ಕೆ ಬೆಳ್ಳುಳ್ಳಿ: ಒಂದು ಮನೆಮದ್ದಿನ ಪೂರ್ವೇತಿಹಾಸ

ಮೂಗು ಕಟ್ಟಿ, ಹಣೆಯಲ್ಲಿಯೂ ಕೆನ್ನೆಗಳಲ್ಲಿಯೂ ಭಾರ ತೋರಿ, ತಲೆ ಬಗ್ಗಿಸಿದೊಡನೆ ನೋವು ಹೆಚ್ಚುವ ವ್ಯಾಧಿಯನ್ನು ನಮ್ಮ ಜನ ಈಗ ‘ಸೈನಸ್’ ಎಂದೇ ಕರೆಯುತ್ತಾರೆ. ಇದಕ್ಕೆ ಬೆಳ್ಳುಳ್ಳಿಯನ್ನು ಮನೆಮದ್ದಾಗಿ ಬಳಸುವ ರೂಢಿ ಕನ್ನಡನಾಡಿನಲ್ಲಿ ವ್ಯಾಪಕವಾಗಿದೆ. ಬೆಳ್ಳುಳ್ಳಿ ಜಜ್ಜಿ ಹಾಕಿದ ಮೆಣಸಿನ ಸಾರು, ಕೆಂಡದಲ್ಲಿ ಸುಟ್ಟ ಎಸಳು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಬಾಣಂತಿಯ ಕೋಣೆಯಲ್ಲಿ ಅದರ ಸಿಪ್ಪೆಯನ್ನು ಓಮದೊಡನೆ ಕೆಂಡಕ್ಕೆ ಹಾಕಿ ಎಬ್ಬಿಸುವ ಹೊಗೆ, ಇವು ಹಲವು ಮನೆಗಳಿಗೆ ಪರಿಚಿತವಾದುವು. ೨೦೨೧ರ ಸುಮಾರಿಗೆ ಹಸಿ ಎಸಳನ್ನೇ ಮೂಗಿನ ಹೊಳ್ಳೆಗಳಲ್ಲಿ ಇಟ್ಟುಕೊಳ್ಳುವ ಪ್ರಯೋಗವೊಂದು ಅಂತರ್ಜಾಲದ ಚಿತ್ರಗಳ ಮೂಲಕ ಅನೇಕ ದೇಶಗಳಲ್ಲಿ ಹರಡಿತು. ಇವೆಲ್ಲಕ್ಕೂ ‘ಪ್ರಾಚೀನರು ಕಂಡುಕೊಂಡ ಮದ್ದು’ ಎಂಬ ಒಂದೇ ಸಮರ್ಥನೆಯನ್ನು ಕೊಡುವುದುಂಟು. ಈ ಮಾತು ಎಷ್ಟರಮಟ್ಟಿಗೆ ಸಾಧಾರವಾದುದೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಮದ್ದಿನ ಗುಣಾವಗುಣಗಳ ನಿರ್ಣಯ ವೈದ್ಯರ ಕೆಲಸ. ಆದರೆ ಒಂದು ಆಚರಣೆ ಪ್ರಾಚೀನವೆಂಬ ವಾದ ಇತಿಹಾಸದ ವಾದವಾದುದರಿಂದ ಅದನ್ನು ಒರೆಗೆ ಹಚ್ಚುವ ಹೊಣೆ ನಮ್ಮದು.

ಮೊದಲು ಹೆಸರಿನ ವಿಚಾರ. ಮುಖದ ಮೂಳೆಗಳೊಳಗಿನ ಪೊಳ್ಳುಗಳಲ್ಲಿ ಕೆನ್ನೆಯ ಪೊಳ್ಳನ್ನು ಆಂಗ್ಲ ವೈದ್ಯ ನಥಾನಿಯಲ್ ಹೈಮೋರ್ ೧೬೫೧ರಲ್ಲಿ ವಿವರವಾಗಿ ವರ್ಣಿಸಿದನು. ನಮ್ಮ ಪ್ರಾಚೀನ ವೈದ್ಯರು ರೋಗಕ್ಕೆ ಹೆಸರಿಟ್ಟದ್ದು ಈ ಪೊಳ್ಳುಗಳನ್ನು ಅನುಸರಿಸಿ ಅಲ್ಲ, ಲಕ್ಷಣಗಳನ್ನು ಅನುಸರಿಸಿ. ಪ್ರತಿಶ್ಯಾಯ, ಪೀನಸ ಎಂಬ ಅವರ ಪದಗಳು ನೆಗಡಿಯಿಂದ ಹಿಡಿದು ಮೂಗಿನ ದೀರ್ಘಕಾಲದ ವಿಕಾರಗಳವರೆಗೆ ಹರಡಿಕೊಂಡಿವೆ. ಆದಕಾರಣ ಪೀನಸವೆಂದರೆ ಇಂದಿನ ‘ಸೈನಸೈಟಿಸ್’ ಎಂದು ಸಮೀಕರಿಸುವುದು ಸಾಧುವಲ್ಲ. ಎರಡಕ್ಕೂ ಸಾಮಾನ್ಯವಾದ ಲಕ್ಷಣಗಳಿವೆ ಎಂಬಷ್ಟನ್ನು ಮಾತ್ರ ಒಪ್ಪಿ ಮುಂದುವರಿಯಬಹುದು.

ಭಾರತದಲ್ಲಿ ಬೆಳ್ಳುಳ್ಳಿಯ ಇತಿಹಾಸ ಬಹುಮಟ್ಟಿಗೆ ನಿಷೇಧ ಮತ್ತು ವಿನಾಯಿತಿಗಳ ಇತಿಹಾಸ. ಮನುಸ್ಮೃತಿಯ ಐದನೆಯ ಅಧ್ಯಾಯ ದ್ವಿಜರಿಗೆ ಲಶುನವನ್ನು ಅಭಕ್ಷ್ಯಗಳ ಸಾಲಿನಲ್ಲಿ ಸೇರಿಸುತ್ತದೆ. ತಿಳಿದೂ ತಿಂದವನು ಪತಿತನಾಗುತ್ತಾನೆಂದು ಹೇಳುತ್ತದೆ. ಐದನೆಯ ಶತಮಾನದ ಆದಿಯಲ್ಲಿ ಇಲ್ಲಿಗೆ ಬಂದ ಚೀನೀ ಯಾತ್ರಿಕ ಫಾಹಿಯಾನನು ಮಧ್ಯದೇಶದಲ್ಲಿ ಚಂಡಾಲರ ಹೊರತು ಇತರರು ಈರುಳ್ಳಿ ಬೆಳ್ಳುಳ್ಳಿಗಳನ್ನು ತಿನ್ನುವುದಿಲ್ಲವೆಂದು ಬರೆದನು. ಅವನ ಮಾತಿನಲ್ಲಿ ಉತ್ಪ್ರೇಕ್ಷೆಯಿರಬಹುದಾದರೂ ಮೇಲುವರ್ಗಗಳ ಆದರ್ಶವೇನಾಗಿತ್ತೆಂಬುದು ಅದರಿಂದ ತಿಳಿಯುತ್ತದೆ. ಬೌದ್ಧರ ವಿನಯಪಿಟಕವೂ ಭಿಕ್ಷುಗಳಿಗೆ ಬೆಳ್ಳುಳ್ಳಿಯನ್ನು ನಿಷೇಧಿಸಿತು. ಆದರೆ ಅದರ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ಸಾರಿಪುತ್ರನಿಗೆ ಹೊಟ್ಟೆಯಲ್ಲಿ ವಾಯುಬಾಧೆಯುಂಟಾಯಿತು. ಹಿಂದೆ ಇದು ಯಾವುದರಿಂದ ಗುಣವಾಗುತ್ತಿತ್ತೆಂದು ಕೇಳಲು ಅವನು ಬೆಳ್ಳುಳ್ಳಿಯಿಂದ ಎಂದನು. ಬುದ್ಧನು ರೋಗಕಾರಣವಿದ್ದಲ್ಲಿ ಅದನ್ನು ತಿನ್ನಲು ಅನುಮತಿ ಕೊಟ್ಟನು. ಆಹಾರವಾಗಿ ನಿಷಿದ್ಧವಾದುದು ಔಷಧವಾಗಿ ಒಳಗೆ ಬರಬಹುದೆಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ.

ವೈದ್ಯಗ್ರಂಥಗಳು ಇದೇ ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆದುವು. ೧೮೯೦ರಲ್ಲಿ ಮಧ್ಯ ಏಷ್ಯದ ಕೂಚಾದಲ್ಲಿ ಲೆಫ್ಟಿನೆಂಟ್ ಹ್ಯಾಮಿಲ್ಟನ್ ಬೋವರ್ ಎಂಬ ಸೇನಾಧಿಕಾರಿಗೆ ಭೂರ್ಜಪತ್ರದ ಹಸ್ತಪ್ರತಿಯೊಂದು ದೊರೆಯಿತು. ವಿದ್ವಾಂಸ ಹೋರ್ನ್ಲೆ ೧೮೯೩ರಿಂದ ೧೯೧೨ರವರೆಗೆ ಅದನ್ನು ಸಂಪಾದಿಸಿ ಪ್ರಕಟಿಸಿದನು. ಅವನು ಅದನ್ನು ನಾಲ್ಕನೆಯ ಶತಮಾನದ್ದೆಂದು ಎಣಿಸಿದ್ದನು. ಅನಂತರದ ಲಿಪಿಶಾಸ್ತ್ರಜ್ಞರ ಅಭಿಪ್ರಾಯದಲ್ಲಿ ಅದು ಆರನೆಯ ಶತಮಾನದ ಪೂರ್ವಾರ್ಧದ್ದು. ಅದರ ಏಳು ಭಾಗಗಳಲ್ಲಿ ಮೊದಲನೆಯದು ಆರಂಭವಾಗುವುದೇ ಲಶುನದ ಪ್ರಶಂಸೆಯಿಂದ. ಚಳಿಗಾಲದಲ್ಲಿ ಮನೆಯ ಮುಂಭಾಗದಲ್ಲಿಯೂ ಬಾಗಿಲಿನಲ್ಲಿಯೂ ಬೆಳ್ಳುಳ್ಳಿಯ ಮಾಲೆಗಳನ್ನು ಕಟ್ಟಿ ಉತ್ಸವ ಮಾಡಬೇಕೆಂದು ಅಲ್ಲಿ ಹೇಳಿದೆ. ಬ್ರಾಹ್ಮಣರಿಗೆ ಒಂದು ಉಪಾಯವನ್ನೂ ಸೂಚಿಸಿದೆ: ಹಸುವಿಗೆ ಮೂರು ರಾತ್ರಿ ಹೆಚ್ಚುಕಡಮೆ ಹುಲ್ಲಿಲ್ಲದಂತೆ ಮಾಡಿ, ಬಳಿಕ ಎರಡು ಪಾಲು ಹುಲ್ಲಿಗೆ ಒಂದು ಪಾಲು ಬೆಳ್ಳುಳ್ಳಿಯ ದಂಟನ್ನು ಬೆರೆಸಿ ತಿನ್ನಿಸಬೇಕು, ಆ ಹಸುವಿನ ಹಾಲು, ಮೊಸರು, ತುಪ್ಪಗಳನ್ನು ಬ್ರಾಹ್ಮಣನು ಸೇವಿಸಿದರೆ ಆಚಾರವೂ ಉಳಿಯುತ್ತದೆ, ರೋಗವೂ ಹೋಗುತ್ತದೆ. ನಿಷೇಧವನ್ನು ಮೀರದೆ ಮದ್ದನ್ನು ಪಡೆಯುವ ಈ ಜಾಣ್ಮೆ ಅಂದಿನ ವೈದ್ಯನು ಸಮಾಜದೊಡನೆ ಹೇಗೆ ಹೊಂದಿಕೊಂಡು ನಡೆಯಬೇಕಾಗಿತ್ತೆಂಬುದಕ್ಕೆ ಉತ್ತಮ ನಿದರ್ಶನ.

ಪೀನಸಕ್ಕೂ ಬೆಳ್ಳುಳ್ಳಿಗೂ ನೇರವಾದ ಸಂಬಂಧವನ್ನು ಹೇಳುವ ಮುಖ್ಯ ಆಧಾರ ವಾಗ್ಭಟನ ಅಷ್ಟಾಂಗಹೃದಯ. ಅದರ ಸೂತ್ರಸ್ಥಾನದ ಆರನೆಯ ಅಧ್ಯಾಯದಲ್ಲಿ ಲಶುನವು ಅತಿ ತೀಕ್ಷ್ಣವೂ ಉಷ್ಣವೂ ಆದುದೆಂದೂ, ಬಿಕ್ಕಳಿಕೆ, ಪೀನಸ, ಶ್ವಾಸ, ಕಾಸಗಳನ್ನು ಕಳೆಯುವ ರಸಾಯನವೆಂದೂ ಹೇಳಿದೆ. ಆದ್ದರಿಂದ ಈ ಮನೆಮದ್ದಿಗೆ ಶಾಸ್ತ್ರದ ಬೆಂಬಲವೇ ಇಲ್ಲವೆಂದು ವಾದಿಸಲು ಸಾಧ್ಯವಿಲ್ಲ. ಆದರೆ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಈ ಮಾತು ಬಂದಿರುವುದು ಅನ್ನದ್ರವ್ಯಗಳ ಅಧ್ಯಾಯದಲ್ಲಿ. ಅಂದರೆ ತಿನ್ನುವ ವಸ್ತುವಿನ ಗುಣವಾಗಿ. ಎರಡನೆಯದಾಗಿ, ಅದೇ ಸ್ಥಳದಲ್ಲಿ ಲಶುನವು ರಕ್ತಪಿತ್ತವನ್ನು ಕೆಡಿಸುತ್ತದೆಂಬ ಎಚ್ಚರಿಕೆಯೂ ಇದೆ. ಮೂಗಿನಿಂದ ರಕ್ತ ಸುರಿಯುವುದು ರಕ್ತಪಿತ್ತದ ಒಂದು ರೂಪವೆಂಬುದು ಆಯುರ್ವೇದದಲ್ಲಿ ಪ್ರಸಿದ್ಧ. ಮೂರನೆಯದಾಗಿ, ಉತ್ತರಸ್ಥಾನದಲ್ಲಿ ವಾಗ್ಭಟನು ಋತುವನ್ನೂ ಪ್ರಕೃತಿಯನ್ನೂ ಗೊತ್ತುಪಡಿಸುತ್ತಾನೆ: ಚಳಿಗಾಲದಲ್ಲಿ ಸೇವನೆ, ಕಫ ಹೆಚ್ಚಾದವನಿಗೆ ವಸಂತದಲ್ಲಿ, ವಾತಪೀಡಿತನಿಗೆ ಮಳೆಗಾಲದಲ್ಲಿ. ಲಶುನದ ಜನ್ಮಕಥೆಯನ್ನೂ ಅವನು ಅಲ್ಲಿಯೇ ಹೇಳುತ್ತಾನೆ. ಅಮೃತವನ್ನು ಕದ್ದು ಕುಡಿದ ರಾಹುವಿನ ಕತ್ತರಿಸಿದ ಕಂಠದಿಂದ ಉದುರಿದ ಹನಿಗಳೇ ಲಶುನವಾದುವು. ದೈತ್ಯದೇಹದಿಂದ ಹುಟ್ಟಿದ್ದರಿಂದ ದ್ವಿಜರಿಗೆ ವರ್ಜ್ಯ, ಅಮೃತದಿಂದ ಹುಟ್ಟಿದ್ದರಿಂದ ಶ್ರೇಷ್ಠ ರಸಾಯನ. ನಿಷೇಧ ವಿನಾಯಿತಿಗಳೆರಡನ್ನೂ ಈ ಕಥೆ ಒಂದೇ ಗಂಟಿನಲ್ಲಿ ಕಟ್ಟಿಕೊಟ್ಟಿದೆ.

ಇನ್ನು ಮೂಗಿನೊಳಗೆ ಹಾಕುವ ವಿಚಾರ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ನಾಸಾರೋಗಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ಹೊಸ ನೆಗಡಿಯನ್ನು ಹೊರತುಪಡಿಸಿ ಉಳಿದುವಕ್ಕೆ ಘೃತಪಾನ, ಸ್ವೇದನ, ವಮನ ಮತ್ತು ಸಕಾಲದಲ್ಲಿ ಅವಪೀಡ ನಸ್ಯವನ್ನು ಅಲ್ಲಿ ವಿಧಿಸಿದೆ. ಅವಪೀಡವೆಂದರೆ ಅರೆದ ಮೂಲಿಕೆಯನ್ನು ಹಿಂಡಿ ಮೂಗಿಗೆ ಬಿಡುವ ಕ್ರಮ. ಇಂಗು, ತ್ರಿಕಟು, ವಾಯುವಿಳಂಗ ಮೊದಲಾದ ತೀಕ್ಷ್ಣದ್ರವ್ಯಗಳು ಆ ಪ್ರಕರಣದಲ್ಲಿ ಬರುತ್ತವೆ. ಬೆಳ್ಳುಳ್ಳಿಯನ್ನು ನಸ್ಯವಾಗಿ ಬಳಸಿದ ಉಲ್ಲೇಖವೂ ಇಲ್ಲದಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಲಶುನ ಅಥವಾ ಈರುಳ್ಳಿಯ ನಸ್ಯವನ್ನು ಹೇಳಿದೆ. ಆದರೆ ಅದು ಹಿಕ್ಕಾಶ್ವಾಸಗಳ ಅಧ್ಯಾಯದಲ್ಲಿ, ಪೀನಸದ ಪ್ರಕರಣದಲ್ಲಲ್ಲ. ಒಟ್ಟಿನಲ್ಲಿ ಪೀನಸಕ್ಕೆ ಬೆಳ್ಳುಳ್ಳಿ ತಿನ್ನುವುದು ಒಂದು ಪರಂಪರೆ, ಮೂಗಿಗೆ ತೀಕ್ಷ್ಣರಸ ಬಿಡುವುದು ಇನ್ನೊಂದು ಪರಂಪರೆ. ಇಡೀ ಹಸಿ ಎಸಳನ್ನು ಹೊಳ್ಳೆಗೆ ತುರುಕುವುದು ಇವೆರಡರಲ್ಲಿ ಯಾವುದೂ ಅಲ್ಲ. ನಸ್ಯಕ್ಕೆ ಪೂರ್ವಕರ್ಮವಿತ್ತು, ಮಾತ್ರೆಯಿತ್ತು, ನಿಷಿದ್ಧರಾದ ರೋಗಿಗಳ ಪಟ್ಟಿಯಿತ್ತು, ಎದುರಿಗೆ ವೈದ್ಯನಿದ್ದನು.

ಆಧುನಿಕ ರಸಾಯನಶಾಸ್ತ್ರ ಈ ಭೇದದ ಮಹತ್ತ್ವವನ್ನು ಬೇರೊಂದು ದಾರಿಯಿಂದ ತೋರಿಸಿದೆ. ೧೯೪೪ರಲ್ಲಿ ಅಮೆರಿಕದ ಕವಲಿಟೊ ಮತ್ತು ಬೇಲಿ ಎಂಬುವರು ಬೆಳ್ಳುಳ್ಳಿಯಿಂದ ಆಲಿಸಿನ್ ಎಂಬ ಜೀವಾಣುನಿರೋಧಕ ದ್ರವ್ಯವನ್ನು ಬೇರ್ಪಡಿಸಿದರು. ಇಡಿಯಾದ ಎಸಳಿನಲ್ಲಿ ಇದು ಸಿದ್ಧವಾಗಿರುವುದಿಲ್ಲ. ಜಜ್ಜಿದಾಗ ಆಲಿನ್ ಎಂಬ ವಸ್ತುವಿನ ಮೇಲೆ ಒಂದು ಕಿಣ್ವ ವರ್ತಿಸಿ ಆಲಿಸಿನ್ ಉಂಟಾಗುತ್ತದೆ. ಜಜ್ಜದೆ ಸುಟ್ಟರೆ ಅಥವಾ ಬೇಯಿಸಿದರೆ ಕಿಣ್ವ ನಾಶವಾಗುತ್ತದೆ. ಹೀಗಿರುವಾಗ ಹಸಿಯದು, ಸುಟ್ಟದ್ದು, ಎಣ್ಣೆಯಲ್ಲಿ ಕಾಯಿಸಿದ್ದು ಒಂದೇ ಮದ್ದೆಂದು ಎಣಿಸುವಂತಿಲ್ಲ. ನೆಗಡಿಯ ವಿಚಾರದಲ್ಲಿ ೨೦೧೪ರ ಕಾಕ್ರೇನ್ ಪರಿಶೀಲನೆ ಅರ್ಹವೆಂದು ಒಪ್ಪಿಕೊಂಡದ್ದು ಒಂದೇ ಒಂದು ಪ್ರಯೋಗವನ್ನು: ೧೪೬ ಜನ, ೧೨ ವಾರ, ಬೆಳ್ಳುಳ್ಳಿ ಸೇವಿಸಿದವರಲ್ಲಿ ೨೪ ನೆಗಡಿಗಳು, ಇತರರಲ್ಲಿ ೬೫. ಗುಣವಾಗಲು ಹಿಡಿದ ದಿನಗಳಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಒಂದೇ ಪ್ರಯೋಗದಿಂದ ಸಿದ್ಧಾಂತವನ್ನು ಸ್ಥಾಪಿಸಲಾಗದು. ಅಲ್ಲದೆ ಅದು ಸೈನಸೈಟಿಸ್ ಕುರಿತ ಪ್ರಯೋಗವೂ ಅಲ್ಲ. ಹಸಿ ಬೆಳ್ಳುಳ್ಳಿ ಚರ್ಮವನ್ನೇ ಸುಡಬಲ್ಲುದು. ಮೂಗಿನ ಒಳಪೊರೆ ಅದಕ್ಕಿಂತಲೂ ಮೃದುವಾದುದು. ಎಸಳನ್ನು ತೆಗೆದಾಗ ಧಾರೆಯಾಗಿ ಇಳಿಯುವ ಸಿಂಬಳ ಉರಿಯಿಂದಲೂ ತಡೆಯಿಂದಲೂ ಬಂದುದೇ ಹೊರತು ಪೊಳ್ಳುಗಳು ತೆರೆದುಕೊಂಡವೆಂಬುದಕ್ಕೆ ಸಾಕ್ಷಿಯಲ್ಲ. ಬೆಳ್ಳುಳ್ಳಿ ರಕ್ತ ಹೆಪ್ಪುಗಟ್ಟುವಿಕೆಯನ್ನು ಕುಗ್ಗಿಸಬಲ್ಲುದಾದ್ದರಿಂದ ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರಿಗೆ ಇಂದಿನ ವೈದ್ಯರು ಎಚ್ಚರಿಕೆ ಹೇಳುತ್ತಾರೆ. ಇದು ವಾಗ್ಭಟನ ಮಾತೇ ಎಂದು ನಾವು ಹೇಳುವುದಿಲ್ಲ. ಆದರೆ ಅವನ ಎಚ್ಚರಿಕೆಯನ್ನು ಕೈಬಿಟ್ಟು ಪ್ರಶಂಸೆಯನ್ನು ಮಾತ್ರ ಉಳಿಸಿಕೊಳ್ಳುವುದು ಸರಿಯಲ್ಲವೆಂಬುದಕ್ಕೆ ಇಷ್ಟು ಸಾಕು.

ಮೇಲ್ಕಂಡ ಆಧಾರಗಳಿಂದ ನಾವು ತಲುಪುವ ನಿರ್ಣಯ ಇದು. ಪೀನಸಕ್ಕೆ ಬೆಳ್ಳುಳ್ಳಿ ಎಂಬ ನಂಬಿಕೆ ನಿಜವಾಗಿಯೂ ಪ್ರಾಚೀನವಾದುದು. ಆದರೆ ಬೆಳ್ಳುಳ್ಳಿ ಈ ದೇಶದ ಎಷ್ಟೋ ಮನೆಗಳಿಗೆ ಒಂದು ವಿನಾಯಿತಿಯಾಗಿ ಬಂದಿತು. ವಿನಾಯಿತಿಗೆ ನಿಬಂಧನೆಗಳು ಜೊತೆಯಾಗಿದ್ದುವು. ಯಾರಿಗೆ, ಯಾವ ಋತುವಿನಲ್ಲಿ, ಯಾವ ರೂಪದಲ್ಲಿ, ಯಾರಿಗೆ ಕೂಡದು ಎಂಬ ಈ ನಿಬಂಧನೆಗಳೇ ಶಾಸ್ತ್ರದ ಶಾಸ್ತ್ರತ್ವ. ಕಾಲಕ್ರಮದಲ್ಲಿ ವಸ್ತು ಉಳಿಯಿತು, ನಿಬಂಧನೆಗಳು ಉದುರಿಹೋದುವು. ಅಡುಗೆಮನೆಯ ಹಿರಿಯ ಹೆಂಗಸರು ಬಿಸಿಸಾರಿಗೆ ನಾಲ್ಕು ಎಸಳು ಜಜ್ಜಿ ಹಾಕುವಾಗ, ಇದು ಕೂಸಿಗೆ ಬೇಡ, ಮೂಗಿನಲ್ಲಿ ರಕ್ತ ಬರುವವರಿಗೆ ಬೇಡ ಎಂದು ಹೇಳಿದರೆ, ಆ ಹಳೆಯ ವಿವೇಕದ ಒಂದು ಪಾಲು ಅವರಲ್ಲಿ ಉಳಿದಿದೆ ಎನ್ನಬೇಕು. ಹಸಿ ಎಸಳನ್ನು ಮಗುವಿನ ಮೂಗಿಗಿಟ್ಟು ಪ್ರಾಚೀನರ ಹೆಸರು ಹೇಳುವವರಲ್ಲಿ ಅದು ಉಳಿದಿಲ್ಲ. ಪ್ರಾಚೀನರನ್ನು ಸಾಕ್ಷಿಗೆ ಕರೆಯುವವರು ಅವರ ಸಾಕ್ಷ್ಯವನ್ನು ಪೂರ್ತಿಯಾಗಿ ಕೇಳಬೇಕೆಂಬುದಷ್ಟೇ ನಮ್ಮ ಅರಿಕೆ.