ಚಿಕಾಗೋ ನಗರದ ಯೆಹೂದ್ಯ ಮಹಿಳಾ ಪರಿಷತ್ತು

1893ನೆಯ ಇಸವಿಯ ಸೆಪ್ಟೆಂಬರು ತಿಂಗಳಲ್ಲಿ ಅಮೇರಿಕಾ ದೇಶದ ಚಿಕಾಗೋ ನಗರದಲ್ಲಿ ನೆರೆದ ಸರ್ವಧರ್ಮ ಸಮ್ಮೇಳನದ ಹೆಸರನ್ನು ಕೇಳದ ವಿದ್ಯಾವಂತರು ಕನ್ನಡನಾಡಿನಲ್ಲಿ ವಿರಳ. ಅದರ ಹಿಂದಿನ ವರ್ಷ ಮೈಸೂರಿಗೆ ಬಂದು ಮಹಾರಾಜ ಚಾಮರಾಜೇಂದ್ರ ಒಡೆಯರವರನ್ನು ಕಂಡುಹೋಗಿದ್ದ ಸ್ವಾಮಿ ವಿವೇಕಾನಂದರು ಆ ತಿಂಗಳ 11ನೆಯ ತಾರೀಖು ಅಲ್ಲಿ ಮಾತನಾಡಿ ಲೋಕಪ್ರಸಿದ್ಧರಾದರೆಂಬುದು ಮಕ್ಕಳಿಗೂ ತಿಳಿದ ಸಂಗತಿ. ಆದರೆ ಅದೇ ಮಹೋತ್ಸವದ ಅಂಗವಾಗಿ ಅದೇ ನಗರದಲ್ಲಿ ನಡೆದು, ಸ್ವಾಮಿಗಳ ಭಾಷಣಕ್ಕೆ ನಾಲ್ಕೇ ದಿನ ಮುಂಚಿತವಾಗಿ ಮುಕ್ತಾಯವಾದ ಇನ್ನೊಂದು ಸಭೆಯಿದ್ದಿತು. ಆ ತಿಂಗಳ 4ರಿಂದ 7ರವರೆಗೆ ಕೂಡಿದ್ದ ಅದಕ್ಕೆ ಯೆಹೂದ್ಯ ಮಹಿಳಾ ಪರಿಷತ್ತು ಎಂದು ಹೆಸರು. ಅದರ ಖ್ಯಾತಿ ಈ ದೇಶದವರೆಗೆ ಬರಲಿಲ್ಲ. ಬಂದಿದ್ದರೆ, ಸ್ತ್ರೀಯರ ಸಂಘಗಳು ಹೇಗೆ ಹುಟ್ಟುವುವೆಂಬುದನ್ನು ವಿಚಾರಿಸುವವರಿಗೆ ಅದರಿಂದ ಪ್ರಯೋಜನವಾಗುತ್ತಿದ್ದಿತು.

ಕೊಲಂಬಸನು ಅಮೇರಿಕವನ್ನು ಕಂಡು 400 ವರ್ಷಗಳಾದುದರ ಸ್ಮಾರಕವಾಗಿ ಆ ವರ್ಷ ಚಿಕಾಗೋವಿನಲ್ಲಿ ಜಗತ್ಪ್ರದರ್ಶನವೊಂದು ಏರ್ಪಟ್ಟಿದ್ದಿತು. ಯಂತ್ರಗಳನ್ನೂ ಶಿಲ್ಪಗಳನ್ನೂ ತೋರಿಸಿದರೆ ಸಾಲದು, ಮನುಷ್ಯನ ವಿಚಾರಗಳನ್ನೂ ಪ್ರದರ್ಶಿಸಬೇಕು ಎಂದು ಚಾರ್ಲ್ಸ್ ಬಾನಿ ಎಂಬ ನ್ಯಾಯವಾದಿಯು ಸೂಚಿಸಿದುದರ ಫಲವಾಗಿ ಶಿಕ್ಷಣ, ವೈದ್ಯ, ಧರ್ಮ ಮೊದಲಾದ ವಿಷಯಗಳ ಮೇಲೆ ಪರಿಷತ್ತುಗಳು ಸಾಲುಸಾಲಾಗಿ ನಡೆದುವು. ಇವುಗಳಲ್ಲಿ ಸ್ತ್ರೀಯರಿಗೆಂದು ಪ್ರತ್ಯೇಕವಾದ ಶಾಖೆಯಿದ್ದಿತು. ಬರ್ಥಾ ಪಾಮರ್ ಎಂಬ ಸಿರಿವಂತೆ ಅದರ ಅಧ್ಯಕ್ಷಿಣಿ; ಎಲೆನ್ ಹೆನ್ರೋಟಿನ್ ಎಂಬಾಕೆ ಉಪಾಧ್ಯಕ್ಷಿಣಿ. ಯೆಹೂದ್ಯ ಸ್ತ್ರೀಯರನ್ನು ಕೂಡಿಸುವ ಭಾರವು ಹಾನಾ ಗ್ರೀನೆಬಾಮ್ ಸಾಲೊಮನ್ ಎಂಬ ಗೃಹಿಣಿಯ ಪಾಲಿಗೆ ಬಂದಿತು.

ಈಕೆ ಚಿಕಾಗೋವಿನಲ್ಲಿಯೇ 1858ರಲ್ಲಿ ಹುಟ್ಟಿದವರು. ಜರ್ಮನಿಯಿಂದ ಬಂದು ನೆಲೆಸಿದ ವರ್ತಕರ ಮನೆತನ. 1877ರಲ್ಲಿ ಈಕೆಯೂ ಈಕೆಯ ಅಕ್ಕ ಹೆನ್ರಿಯೆಟಾ ಫ್ರಾಂಕರೂ ಆ ನಗರದ ಪ್ರಮುಖ ಮಹಿಳಾ ಸಮಾಜಕ್ಕೆ ಸೇರಿದರು. ಆ ಸಮಾಜವು ಯೆಹೂದ್ಯ ಸ್ತ್ರೀಯರನ್ನು ಸೇರಿಸಿಕೊಂಡುದು ಅದೇ ಮೊದಲು. ಪ್ರಬಂಧವನ್ನು ಓದುವುದು, ಚರ್ಚೆಯನ್ನು ಎದುರಿಸುವುದು, ಸಭೆಯನ್ನು ನಡೆಯಿಸುವುದು, ಇವೆಲ್ಲ ಅಲ್ಲಿ ಕಲಿತ ವಿದ್ಯೆಗಳು. ಹೊರಗಿನವರ ಸಮಾಜದಲ್ಲಿ ಕಲಿತುದನ್ನು ತನ್ನವರ ನಡುವೆ ಬಳಸಲು ಸ್ಥಳವೇ ಇರಲಿಲ್ಲವೆಂಬುದು ಗಮನಿಸತಕ್ಕ ವಿಷಯ.

ಹಾಗೆಂದು ಯೆಹೂದ್ಯ ಸ್ತ್ರೀಯರಲ್ಲಿ ಸಂಘಗಳಿರಲಿಲ್ಲವೆಂದಲ್ಲ. ಫಿಲಡೆಲ್ಫಿಯಾ ನಗರದಲ್ಲಿ ರೆಬೆಕಾ ಗ್ರಾಟ್ಸ್ ಮೊದಲಾದವರು 1819ರಷ್ಟು ಹಿಂದೆಯೇ ಬಡ ಸ್ತ್ರೀಯರ ಸಹಾಯಾರ್ಥವಾಗಿ ಸಂಘವೊಂದನ್ನು ಕಟ್ಟಿದ್ದರು. 1838ರಲ್ಲಿ ಆಕೆಯೇ ಮಕ್ಕಳ ಧರ್ಮಶಿಕ್ಷಣಕ್ಕಾಗಿ ಭಾನುವಾರದ ಪಾಠಶಾಲೆಯನ್ನು ತೆರೆದರು. ಆ ಬಳಿಕ ಯೆಹೂದ್ಯರು ಹತ್ತು ಮನೆ ಕಟ್ಟಿಕೊಂಡ ಊರಿನಲ್ಲೆಲ್ಲ ಬಟ್ಟೆ ಹೊಲಿದು ಹಂಚುವ, ಬಾಣಂತಿಯರನ್ನೂ ರೋಗಿಗಳನ್ನೂ ನೋಡಿಕೊಳ್ಳುವ, ತೀರಿಕೊಂಡವರ ಅಂತ್ಯಸಂಸ್ಕಾರಕ್ಕೆ ನೆರವಾಗುವ ಹೆಂಗಸರ ಕೂಟಗಳು ಬೆಳೆದುವು. ಆದರೆ ಒಂದೊಂದೂ ತನ್ನ ಊರಿನ ಬಾವಿಯ ನೀರನ್ನೇ ಕುಡಿದು ಬದುಕುತ್ತಿದ್ದಿತು. ಪಕ್ಕದ ಊರಿನ ಕೂಟದ ಹೆಸರೂ ಅದಕ್ಕೆ ತಿಳಿಯದು. ಶ್ರೀಮತಿ ಸಾಲೊಮನ್ನರು ಕೆಲಸಕ್ಕೆ ಕೈಹಾಕಿದಾಗ ಎದುರಾದ ಮೊದಲನೆಯ ತೊಡಕು ಇದೇ. ಯಾರನ್ನು ಕರೆಯುವುದು? ದೇಶದ ಯೆಹೂದ್ಯ ಸ್ತ್ರೀಯರ ಪೈಕಿ ಕಾರ್ಯಕುಶಲರಾದವರ ಪಟ್ಟಿಯೇ ಎಲ್ಲಿಯೂ ಇರಲಿಲ್ಲ. ಕಡೆಗೆ ದೊಡ್ಡ ನಗರಗಳ ರಬ್ಬಿಗಳಿಗೆ, ಎಂದರೆ ಯೆಹೂದ್ಯ ಧರ್ಮಗುರುಗಳಿಗೆ, ಪತ್ರ ಬರೆದು ಅವರಿಂದ ಹೆಸರುಗಳನ್ನು ತರಿಸಿಕೊಂಡು, ಆ ಹೆಸರಿನವರಿಗೆಲ್ಲ ತಮ್ಮ ಕೈಯಿಂದಲೇ ಓಲೆಗಳನ್ನು ಬರೆದರು. ಸ್ತ್ರೀಯರನ್ನು ಸ್ತ್ರೀಯರು ಕಂಡುಕೊಳ್ಳಲು ಪುರುಷರ ವಿಳಾಸಪುಸ್ತಕವೇ ಬೇಕಾಯಿತು.

ಇಷ್ಟರೊಳಗೆ ಯೆಹೂದ್ಯ ಪುರುಷರು ತಮ್ಮದೊಂದು ಧಾರ್ಮಿಕ ಪರಿಷತ್ತನ್ನು ಏರ್ಪಡಿಸತೊಡಗಿದ್ದರು. ಅದು ಆಗಸ್ಟು ತಿಂಗಳ ಕೊನೆಯಲ್ಲಿ ನಡೆಯಿತು. ಎರಡು ಸಭೆಗಳೇತಕ್ಕೆ, ಹೆಂಗಸರು ನಮ್ಮೊಡನೆಯೇ ಸೇರಲಿ, ಎಂದು ಅವರಿಂದ ಆಹ್ವಾನ ಬಂದಿತು. ಸಾಲೊಮನ್ನರು ಒಪ್ಪಿದರು, ಆದರೆ ಸ್ತ್ರೀಯರಿಗೂ ಕಾರ್ಯಕ್ರಮದಲ್ಲಿ ಕ್ರಿಯಾಶೀಲವಾದ ಭಾಗವಿರಬೇಕೆಂದು ನಿಯಮವೊಂದನ್ನು ಒಡ್ಡಿದರು. ಕೆಲವು ಕಾಲದ ಮೇಲೆ ಕಾರ್ಯಕ್ರಮಪಟ್ಟಿಯು ಸಿದ್ಧವಾಗಿ ಸಭೆಯ ಮುಂದೆ ಬಂದಾಗ ಅದರಲ್ಲಿ ಒಬ್ಬ ಸ್ತ್ರೀಯ ಹೆಸರೂ ಇರಲಿಲ್ಲ. ಹಾಗಾದರೆ ಹೆಂಗಸರು ಮಾಡತಕ್ಕುದೇನು ಎಂದು ಆಕೆ ಕೇಳಿದಾಗ, ಬಂದ ಅತಿಥಿಗಳನ್ನು ಉಪಚರಿಸುವ ಕೆಲಸವು ಅವರದೆಂದು ಉತ್ತರ ದೊರೆಯಿತು. ಅಂಥ ಸಹಕಾರವು ತಮಗೆ ಬೇಡವೆಂದು ತಿಳಿಸಿ ಆಕೆ ಹಿಂದಿರುಗಿದರು. ಈ ಪ್ರಸಂಗವು ಆಕೆಯ ಆತ್ಮಕಥೆಯಲ್ಲಿ ಬಂದಿದೆ. ಆ ಗ್ರಂಥವು ಆಕೆ ಕಾಲವಾದಮೇಲೆ 1946ರಲ್ಲಿ ಪ್ರಕಟವಾಯಿತು. ಅರ್ಧ ಶತಮಾನದ ಬಳಿಕ ಹೇಳಿದ ಕಥೆಯ ಮೊನೆಯು ಸ್ವಲ್ಪ ಹೆಚ್ಚು ಹರಿತವಾಗಿರುವುದು ಸ್ವಾಭಾವಿಕ. ಆದರೂ ಕಥೆಯ ತಿರುಳಿನಲ್ಲಿ ಸಂಶಯಕ್ಕೆ ಕಾರಣವಿಲ್ಲ. ಹಂದರದ ಬಾಗಿಲಿನಲ್ಲಿ ಪನ್ನೀರುದಾನಿಯನ್ನು ಹಿಡಿದು ನಿಲ್ಲುವುದಕ್ಕೆ ಗೃಹಿಣಿಯರು, ಒಳಗೆ ವೇದಿಕೆಯ ಮೇಲೆ ಮಾತನಾಡುವುದಕ್ಕೆ ಯಜಮಾನರು ಎಂಬ ವಿಭಾಗವು ಚಿಕಾಗೋವಿಗೆ ಮಾತ್ರ ಮೀಸಲಾದುದಲ್ಲವಾದುದರಿಂದ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪುರುಷರ ಪಕ್ಷದಿಂದಲೂ ಒಂದು ಮಾತು ಹೇಳಬೇಕು. ಅವರು ದುಷ್ಟರಲ್ಲ, ಪರಂಪರೆಯು ಕೊಟ್ಟ ಕಣ್ಣಿನಿಂದ ನೋಡಿದರು. ಯೆಹೂದ್ಯರ ಪ್ರಾಚೀನ ವಿಧಿಯಂತೆ ಸಾರ್ವಜನಿಕ ಪ್ರಾರ್ಥನೆಗೆ ಹತ್ತು ಮಂದಿ ಪ್ರಾಪ್ತವಯಸ್ಕ ಪುರುಷರು ಕೂಡಬೇಕು. ನೂರು ಮಂದಿ ಸ್ತ್ರೀಯರು ಬಂದರೂ ಆ ಸಂಖ್ಯೆಯು ತುಂಬದು. ಪ್ರಾರ್ಥನಾಮಂದಿರದಲ್ಲಿ ಅವರ ಸ್ಥಾನವು ಮೇಲಿನ ಮೊಗಸಾಲೆಯಲ್ಲಿ ಇಲ್ಲವೆ ತೆರೆಯ ಹಿಂದೆ. ಮನೆಯೊಳಗಾದರೋ ಆಕೆಯೇ ಧರ್ಮದ ಆಧಾರ. ಶುಕ್ರವಾರದ ಸಂಜೆ ಸಬ್ಬತ್ತಿನ ದೀಪವನ್ನು ಹಚ್ಚಿ ಹರಸುವವಳು ಆಕೆ; ಅಡಿಗೆಯ ಮಡಿಮೈಲಿಗೆಗಳೆಲ್ಲ ಆಕೆಯ ಕೈಯಲ್ಲಿರುವುವು. ಅಮೇರಿಕದ ಸುಧಾರಕ ಪಂಥದವರು ಮೊಗಸಾಲೆಯನ್ನು ಬಿಡಿಸಿ ಗಂಡಹೆಂಡಿರನ್ನು ಒಂದೇ ಪೀಠದಲ್ಲಿ ಕುಳ್ಳಿರಿಸಿದ್ದರು. ಆದರೆ ಪೀಠದಲ್ಲಿ ಕುಳ್ಳಿರಿಸಿದುದಕ್ಕೂ ವೇದಿಕೆಗೆ ಕರೆದುದಕ್ಕೂ ಅಂತರವುಂಟು.

ಪರಿಷತ್ತು ಆರಂಭವಾದುದು ಮಿರಿಯಂ ಡೆಲ್ ಬಾಂಕೋ ಎಂಬ ಕವಯಿತ್ರಿಯ ಪದ್ಯದಿಂದಲೂ ರೇ ಫ್ರಾಂಕ್ ಎಂಬ ತರುಣಿಯ ಪ್ರಾರ್ಥನೆಯಿಂದಲೂ. ಈ ರೇ ಫ್ರಾಂಕಳ ವೃತ್ತಾಂತವು ಸ್ವಾರಸ್ಯವಾಗಿದೆ. ಕ್ಯಾಲಿಫೋರ್ನಿಯಾ ಪ್ರಾಂತದ ಉಪಾಧ್ಯಾಯಿನಿಯೂ ಪತ್ರಿಕೆಗಳ ಲೇಖಕಿಯೂ ಆದ ಈಕೆ 1890ರಲ್ಲಿ ಯೆಹೂದ್ಯರ ಹೊಸವರ್ಷದ ಹಬ್ಬಕ್ಕೆ ಸರಿಯಾಗಿ ಸ್ಪೋಕೇನ್ ಎಂಬ ಪಟ್ಟಣಕ್ಕೆ ಹೋದಳು. ಅಲ್ಲಿ ಅನುಕೂಲಸ್ಥರಾದ ಯೆಹೂದ್ಯರು ಬೇಕಾದಷ್ಟಿದ್ದರೂ ಪ್ರಾರ್ಥನಾಮಂದಿರವಿರಲಿಲ್ಲ. ಆಕೆ ಉಪನ್ಯಾಸ ಮಾಡುವುದಾದರೆ ಪೂಜೆಯನ್ನು ಏರ್ಪಡಿಸುವೆವೆಂದು ಊರಿನವರು ಹೇಳಿದರು. ಆ ಸಂಜೆ ನಾಟಕಶಾಲೆಯು ತುಂಬಿತು. ಒಳಗಿನ ಕಲಹಗಳನ್ನು ಬಿಟ್ಟು ಒಂದಾಗಿ ಮಂದಿರವನ್ನು ಕಟ್ಟಿಕೊಳ್ಳಿರೆಂದು ಆಕೆ ಅವರಿಗೆ ಬೋಧಿಸಿದಳು. ಅಂದಿನಿಂದ ಪತ್ರಿಕೆಗಳು ಆಕೆಯನ್ನು ಹೆಣ್ಣು ರಬ್ಬಿಯೆಂದು ಕರೆಯತೊಡಗಿದುವು. ಆದರೆ ಆಕೆ ಆ ಪದವಿಯನ್ನು ಬಯಸಲಿಲ್ಲ. ಪರಿಷತ್ತಿನಲ್ಲಿ ಪ್ರಾರ್ಥನಾಮಂದಿರ ಮತ್ತು ಸ್ತ್ರೀ ಎಂಬ ವಿಷಯದ ಮೇಲೆ ಮಾತನಾಡಿದಾಗಲೂ ಸ್ತ್ರೀಗೆ ಯೋಗ್ಯತೆಯಿಲ್ಲವೆಂದು ಆಕೆ ಹೇಳಲಿಲ್ಲ; ಯೋಗ್ಯತೆಯಿದ್ದರೂ ತಾಯಿಯ ಕರ್ತವ್ಯಕ್ಕಿಂತ ಮಿಗಿಲಾದುದಿಲ್ಲವೆಂದಳು. ವೇದಿಕೆಯ ಮೇಲೆ ನಿಂತು ಮನೆಯ ಹಿರಿಮೆಯನ್ನು ಸಾರಿದ ಈ ವೈಚಿತ್ರ್ಯವು ಅಂದಿನ ಸಭೆಯ ಮನಸ್ಸನ್ನು ಚೆನ್ನಾಗಿ ತೋರಿಸುವುದು. ಅಮೇರಿಕದಲ್ಲಿ ಸ್ತ್ರೀಯೊಬ್ಬಳಿಗೆ ವಿಧಿವತ್ತಾಗಿ ರಬ್ಬಿಯ ದೀಕ್ಷೆಯು ದೊರೆತುದು 1972ರಲ್ಲಿ, ಸ್ಯಾಲಿ ಪ್ರೀಸಂಡ್ ಎಂಬಾಕೆಗೆ.

ಪರಿಷತ್ತಿನ ನೆನಪಿಗಾಗಿ ಯೆಹೂದ್ಯ ಮಂದಿರಗಳ ಪ್ರಾಚೀನ ಹಾಗೂ ನವೀನ ರಾಗಗಳ ಸಂಗ್ರಹವೊಂದನ್ನು ಅಲೋಯಿಸ್ ಕೈಸರ್, ವಿಲಿಯಂ ಸ್ಪಾರ್ಗರ್ ಎಂಬ ಇಬ್ಬರು ಗಾಯಕರು ಸಿದ್ಧಪಡಿಸಿದರು. ಹೆಣ್ಣಿನ ಕಂಠವು ಕೇಳಿಸಬಾರದೆಂದು ಸಂಪ್ರದಾಯಸ್ಥರು ವಿಧಿಸಿದ್ದ ಮಂದಿರಗಳ ಸಂಗೀತವು ಹೆಂಗಸರ ಸಭೆಯ ನಿಮಿತ್ತದಿಂದ ಅಚ್ಚಾಯಿತು.

ನಾಲ್ಕು ದಿನಗಳ ಪ್ರಬಂಧಗಳೆಲ್ಲ ಒಂದೇ ತೂಕದವಲ್ಲ. ಪುರಾಣಕಾಲದ ಹಾಗೂ ಮಧ್ಯಯುಗದ ಯೆಹೂದ್ಯ ಸ್ತ್ರೀರತ್ನಗಳನ್ನು ಕುರಿತ ಲೂಯಿ ಮಾನ್‌ಹೈಮರರ ಪ್ರಬಂಧವೇ ಮೊದಲಾದವು ಎಲ್ಲ ಸಮಾಜಗಳ ಉತ್ಸವಗಳಲ್ಲಿಯೂ ಕೇಳಿಬರುವ ಬಗೆಯವು. ಸಭೆಯ ಜೀವವಿದ್ದುದು ಬೇರೆ ಕಡೆಯಲ್ಲಿ. 1881ರಲ್ಲಿ ರಷ್ಯಾ ಸಾಮ್ರಾಜ್ಯದಲ್ಲಿ ಯೆಹೂದ್ಯರ ಮೇಲೆ ದೊಂಬಿಗಳಾದುವು. ಮರುವರ್ಷ ಅವರ ವಾಸವನ್ನೂ ವ್ಯಾಪಾರವನ್ನೂ ಕಟ್ಟುಪಡಿಸುವ ಕಾನೂನುಗಳು ಬಂದುವು. ಅಂದಿನಿಂದ ಬಡ ಯೆಹೂದ್ಯರು ಹಡಗುಹಡಗಾಗಿ ಅಮೇರಿಕಕ್ಕೆ ಬರತೊಡಗಿದರು. ಅವರ ಮಾತು ಯಿಡ್ಡಿಷ್, ಆಚಾರವು ಹಳೆಯದು, ಹೆಣ್ಣುಮಕ್ಕಳು ಇಕ್ಕಟ್ಟಾದ ಕೋಣೆಗಳಲ್ಲಿ ಬಟ್ಟೆ ಹೊಲಿದು ಜೀವಿಸುವವರು. ಜರ್ಮನಿಯಿಂದ ಮೊದಲೇ ಬಂದು ಮರ್ಯಾದೆಯನ್ನು ಗಳಿಸಿದ್ದ ಮನೆತನಗಳಿಗೆ ಇವರ ಬಗ್ಗೆ ಕರುಣೆಯಿದ್ದಿತು, ಸ್ವಲ್ಪ ನಾಚಿಕೆಯೂ ಇದ್ದಿತು. ನ್ಯೂಯಾರ್ಕಿನ ಉಪಾಧ್ಯಾಯಿನಿ ಜೂಲಿಯಾ ರಿಚ್‌ಮನ್ ಈ ಕೂಲಿಕಾರ ಸ್ತ್ರೀಯರ ವಿಷಯವಾಗಿ ಪ್ರಬಂಧವನ್ನೋದಿದರು. ಕ್ಯಾರಿ ಬೆಂಜಮಿನ್ ದಾನಧರ್ಮಗಳಲ್ಲಿ ಸ್ತ್ರೀಯ ಸ್ಥಾನವನ್ನು ವಿಚಾರಿಸಿದರು. ಮಿನಿ ಲೂಯಿಸರ ಪ್ರಬಂಧದ ಶೀರ್ಷಿಕೆಯಲ್ಲಿಯೇ ಹೊಸದಾಗಿ ಬಂದವರಿಗೆ ಜ್ಞಾನೋದಯವಾಗದವರೆಂಬ ವಿಶೇಷಣವು ಬಿದ್ದಿತು. ಪುರುಷರ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲವೆಂದು ಸಿಡಿದೆದ್ದ ಈ ಗೃಹಿಣಿಯರು ಹೊಲಿಗೆಯ ಹುಡುಗಿಯರನ್ನು ಕುರಿತು ನಾಲ್ಕು ದಿನ ಮಾತನಾಡಿದರು. ಆ ಹುಡುಗಿಯರಲ್ಲಿ ಒಬ್ಬಳಿಗೂ ತಮ್ಮ ಪಟ್ಟಿಯಲ್ಲಿ ಸ್ಥಳವನ್ನು ಕೊಡಲಿಲ್ಲ. ಪರಿಷತ್ತಿನ ದೊಡ್ಡ ಕುಂದು ಇದೇ.

ಲಾರಾ ಜೇಕಬ್ಸನ್ ಎಂಬಾಕೆಯ ಪ್ರಬಂಧವು ಇವೆಲ್ಲಕ್ಕಿಂತ ದಿಟ್ಟವಾದ ಪ್ರಶ್ನೆಯನ್ನೆತ್ತಿತು. ಒಂದು ರಾಜ್ಯವು ತನ್ನ ಪ್ರಜೆಗಳನ್ನು ಧರ್ಮದ ಕಾರಣದಿಂದ ಹಿಂಸಿಸುವಾಗ ಇತರ ರಾಷ್ಟ್ರಗಳು ಪ್ರತಿಭಟಿಸುವಂತೆ ಅಥವಾ ನಡುವೆ ಪ್ರವೇಶಿಸುವಂತೆ ಅವುಗಳನ್ನು ಪ್ರೇರಿಸುವುದು ಹೇಗೆ? ಮನೆವಾರ್ತೆಯೇ ಹೆಂಗಸರ ವಿಷಯವೆಂದು ತಿಳಿದಿದ್ದ ಕಾಲದಲ್ಲಿ ಇದು ರಾಯಭಾರಿಗಳ ಮೇಜಿಗೆ ತಕ್ಕ ಪ್ರಶ್ನೆ.

ಕೊನೆಯಲ್ಲಿ ಚಿಕಾಗೋವಿನ ಸೇಡೀ ಅಮೇರಿಕನ್ ಎಂಬಾಕೆ ಸಂಘಟನೆಯನ್ನು ಕುರಿತು ಮಾತನಾಡಿ, ಈ ಸಭೆಯು ಇಲ್ಲಿಗೇ ಮುಗಿಯದೆ ಸ್ಥಿರವಾದ ಸಂಸ್ಥೆಯಾಗಬೇಕೆಂದು ವಾದಿಸಿದರು. ಹಾಗೆಯೇ ಯೆಹೂದ್ಯ ಮಹಿಳೆಯರ ರಾಷ್ಟ್ರೀಯ ಮಂಡಲಿಯು ಹುಟ್ಟಿತು. ಸಾಲೊಮನ್ನರು ಅಧ್ಯಕ್ಷಿಣಿ, ಅಮೇರಿಕನ್ನರು ಕಾರ್ಯದರ್ಶಿನಿ. ಸ್ವಧರ್ಮದ ಅಧ್ಯಯನ, ಮಕ್ಕಳ ಧರ್ಮಶಿಕ್ಷಣ, ದೀನರ ಸೇವೆ, ಊರೂರಿನ ಕೂಟಗಳ ನಡುವೆ ಸಂಪರ್ಕ ಇವು ಅದರ ಉದ್ದೇಶಗಳು. ಪ್ರಬಂಧಗಳ ಸಂಪುಟವು 1894ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚಾಯಿತು. ಆ ಸೆಪ್ಟೆಂಬರಿನ ಸರ್ವಧರ್ಮ ಸಮ್ಮೇಳನದಲ್ಲಿಯೂ ಹೆನ್ರಿಯೆಟಾ ಸೋಲ್ಡ್, ಜೋಸಫೀನ್ ಲಾಜರಸ್ ಎಂಬ ಇಬ್ಬರು ಯೆಹೂದ್ಯ ಸ್ತ್ರೀಯರ ಪ್ರಬಂಧಗಳು ಓದಲ್ಪಟ್ಟುವು.

ಮಂಡಲಿಯ ಬಾಳು ನಿಷ್ಕಂಟಕವಾಗಿರಲಿಲ್ಲ. 1896ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲನೆಯ ಮಹಾಸಭೆಯು ಕೂಡಿದಾಗ ಅಧ್ಯಕ್ಷಿಣಿಯ ಮೇಲೆಯೇ ಆಕ್ಷೇಪಣೆ ಬಂದಿತು. ಸಾಲೊಮನ್ನರು ಸೇರಿದ್ದ ಚಿಕಾಗೋವಿನ ಸೀನಾಯ್ ಮಂದಿರದವರು ಅತ್ಯಂತ ಸುಧಾರಕರು. ಶನಿವಾರದ ಸಬ್ಬತ್ತಿಗೆ ಬದಲಾಗಿ ಭಾನುವಾರ ಪೂಜೆ ನಡೆಯಿಸುವವರು. ಸಬ್ಬತ್ತನ್ನು ಪವಿತ್ರವಾಗಿ ಆಚರಿಸದವಳು ಯೆಹೂದ್ಯ ಸ್ತ್ರೀಯರ ಮುಂದಾಳಾಗಬಹುದೆ ಎಂದು ಕೇಳಿದವರಿಗೆ, ವಾರದ ಎಲ್ಲ ದಿನಗಳನ್ನೂ ತಾನು ಪವಿತ್ರವೆಂದೇ ಆಚರಿಸುವೆನೆಂದು ಆಕೆ ಉತ್ತರ ಕೊಟ್ಟರು. ಜಾಣ್ಮೆಯ ಉತ್ತರವೇ ಸರಿ. ಆದರೆ ಶನಿವಾರದ ದೀಪವನ್ನು ಜೀವದಂತೆ ಕಾಪಾಡಿಕೊಂಡು ಬಂದವರಿಗೆ ಅದರಿಂದ ಸಮಾಧಾನವಾಗುವುದು ಕಷ್ಟ. ಆದರೂ ಆಕೆ ಮತ್ತೆ ಆಯ್ಕೆಯಾಗಿ 1905ರವರೆಗೆ ಆ ಪದವಿಯಲ್ಲಿದ್ದರು. ಧರ್ಮದ ಅಧ್ಯಯನದ ಮೇಲೆ ಒಂದಾಗದ ಸದಸ್ಯೆಯರು ಸೇವೆಯ ಮೇಲೆ ಸುಲಭವಾಗಿ ಒಂದಾದುದರಿಂದ ಮಂಡಲಿಯ ಭಾರವೆಲ್ಲ ಕ್ರಮೇಣ ಆ ಕಡೆಗೇ ವಾಲಿತು. ನ್ಯೂಯಾರ್ಕಿನ ಬಂದರದಲ್ಲಿ, ಎಲಿಸ್ ದ್ವೀಪದ ವಲಸೆಯ ಕಟ್ಟೆಯಲ್ಲಿ, ಒಂಟಿಯಾಗಿ ಬಂದಿಳಿಯುವ ಹುಡುಗಿಯರನ್ನು ಮಂಡಲಿಯ ಯಿಡ್ಡಿಷ್ ಬಲ್ಲ ಪ್ರತಿನಿಧಿಗಳು ಎದುರುಗೊಂಡು, ಮೋಸಗಾರರ ಕೈಗೆ ಸಿಕ್ಕದಂತೆ ಬಂಧುಗಳ ಮನೆಗೆ ತಲಪಿಸಿದರು. ಚಿಕಾಗೋವಿನ ವೇದಿಕೆಯಲ್ಲಿ ಬರಿಯ ವಿಷಯವಾಗಿದ್ದ ಆ ಹುಡುಗಿಯರೊಡನೆ ಮುಖಾಮುಖಿಯಾದುದು ಇಲ್ಲಿಯೇ.

ಇತರ ದೇಶಗಳಲ್ಲಿಯೂ ಇಂಥ ಕೂಟಗಳು ಎದ್ದುವು. 1902ರಲ್ಲಿ ಲಂಡನಿನಲ್ಲಿ ಯೆಹೂದ್ಯ ಸ್ತ್ರೀಯರ ಸಮ್ಮೇಳನವು ನೆರೆದು ಒಕ್ಕೂಟವೊಂದು ಸ್ಥಾಪಿತವಾಯಿತು. 1904ರಲ್ಲಿ ಬರ್ಲಿನಿನಲ್ಲಿ ಅಂತಾರಾಷ್ಟ್ರೀಯ ಮಹಿಳಾ ಪರಿಷತ್ತು ಕೂಡಿದಾಗ ಸಾಲೊಮನ್ನರು ವೃದ್ಧೆಯಾದ ಸೂಸನ್ ಆಂಟನಿಯವರೊಡನೆ ಅಲ್ಲಿದ್ದರು. ಅದೇ ವರ್ಷ ಬರ್ಥಾ ಪಾಪೆನ್‌ಹೈಮ್ ಜರ್ಮನಿಯ ಯೆಹೂದ್ಯ ಸ್ತ್ರೀಸಂಘವನ್ನು ಸ್ಥಾಪಿಸಿದರು. ಆ ಸಂಘವನ್ನು 1938ರಲ್ಲಿ ನಾಜಿ ಸರ್ಕಾರವು ಮುಚ್ಚಿಸಿತು. ಸಾಲೊಮನ್ನರು 1942ನೆಯ ಇಸವಿ ಡಿಸೆಂಬರು 7ನೆಯ ತಾರೀಖು ಚಿಕಾಗೋವಿನಲ್ಲಿ 84 ವರ್ಷಗಳ ವಯಸ್ಸಿನಲ್ಲಿ ಕಾಲವಾದರು. ಅದೇ ತಿಂಗಳಲ್ಲಿ, ಜರ್ಮನ್ ಸಂಘದ ಕಾರ್ಯಭಾರವನ್ನು ಬಹುಕಾಲ ಹೊತ್ತಿದ್ದ ಹಾನಾ ಕಾರ್ಮಿನ್ಸ್ಕಿಯವರನ್ನು ಬರ್ಲಿನಿನಿಂದ ಔಷ್ವಿಟ್ಸಿನ ವಧಾಶಿಬಿರಕ್ಕೆ ಸಾಗಿಸಿದರು. ಮರುವರ್ಷ ಆಕೆ ಅಲ್ಲಿಯೇ ಪ್ರಾಣಬಿಟ್ಟರು.