ಬಾಗಿಯೂ ಮುರಿಯದವರು

ಹುಡುಗರು ಅಳಬಾರದು, ಹುಡುಗಿಯರು ಹೊಸಿಲು ದಾಟಬಾರದು. ಈ ಎರಡು ಕಟ್ಟಳೆಗಳನ್ನು ಕೇಳುತ್ತಲೇ ನನ್ನ ತಲೆಮಾರು ಬೆಳೆಯಿತು. ಮಕ್ಕಳು ದಾರಿ ತಪ್ಪದಿರಲೆಂಬುದೇ ಹಿರಿಯರ ಉದ್ದೇಶ. ಆದರೆ ದಾರಿ ತಪ್ಪದೆ ಉಳಿದ ಮಕ್ಕಳ ಚರಿತ್ರೆಯನ್ನು ಓದಿದಾಗ ನನಗೆ ಕಂಡ ಸತ್ಯ ಬೇರೆಯೇ.

ಅಮೆರಿಕದ ಗ್ಲೂಯೆಕ್ ದಂಪತಿಗಳು 1950ರಲ್ಲಿ ಪ್ರಕಟಿಸಿದ ಹೆಸರಾಂತ ಗ್ರಂಥ, 500 ಮಂದಿ ಬಾಲಾಪರಾಧಿಗಳನ್ನು ಅಪರಾಧವೆಸಗದ 500 ಬಾಲಕರೊಡನೆ ಹೋಲಿಸಿತು. ಅದರಲ್ಲಿ ಹುಡುಗಿಯರಿಗೆ ಎಡೆಯಿರಲಿಲ್ಲ. 1955ರಲ್ಲಿ ಹವಾಯಿ ದ್ವೀಪಸಮೂಹದ ಕವಾಯಿ ಎಂಬ ದ್ವೀಪದಲ್ಲಿ ಬೇರೊಂದು ಬಗೆಯ ಶೋಧ ಮೊದಲಾಯಿತು. ಆ ವರ್ಷ ಅಲ್ಲಿ ಹುಟ್ಟಿದ 698 ಶಿಶುಗಳ ಬಾಳನ್ನು, ಗಂಡು ಹೆಣ್ಣೆನ್ನದೆ, ನಲವತ್ತರ ವಯಸ್ಸಿನವರೆಗೂ ಗಮನಿಸಲಾಯಿತು. ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ತಮ್ಮ ಸಹೋದ್ಯೋಗಿ ರೂತ್ ಸ್ಮಿತ್ ಅವರೊಡನೆ ಅದನ್ನು ಗ್ರಂಥಗಳಲ್ಲಿ ನಿರೂಪಿಸಿದರು.

ಆ ಮಕ್ಕಳಲ್ಲಿ 201 ಮಂದಿಗೆ ತೊಟ್ಟಿಲಲ್ಲೇ ಕಷ್ಟ ಕಾದಿತ್ತು: ಬಡತನ, ಹೆರಿಗೆಯ ತೊಂದರೆ, ಮನೆಯ ಕಲಹ, ಹೆತ್ತವರ ಕುಡಿತ ಅಥವಾ ಮನೋರೋಗ. ಅವರಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ಹದಿನೆಂಟು ತುಂಬುವುದರೊಳಗೆ ಒಂದಲ್ಲ ಒಂದು ಬಗೆಯಲ್ಲಿ ಎಡವಿದರು. 72 ಮಂದಿ ಮಾತ್ರ ಸಮರ್ಥರಾಗಿ, ಅಂತಃಕರಣವುಳ್ಳವರಾಗಿ ಬೆಳೆದರು. ಅವರಲ್ಲಿ 42 ಹುಡುಗಿಯರು, 30 ಹುಡುಗರು. ಕುಡುಕರ ಮಕ್ಕಳಲ್ಲಿಯೂ ಹೆಚ್ಚು ಕೆಟ್ಟವರು ಗಂಡುಮಕ್ಕಳೇ.

ಹಾಗಾದರೆ ಹೆಣ್ಣು ಹುಟ್ಟಿನಿಂದಲೇ ಗಟ್ಟಿಯೇ? ಮಾತು ಅಷ್ಟು ಸರಳವಲ್ಲ. ಮೊದಲ ಹತ್ತು ವರ್ಷ ಗಂಡುಮಕ್ಕಳು ಹೆಚ್ಚು ನಲುಗಿದರೆ, ಹದಿವಯಸ್ಸಿನಲ್ಲಿ ಹೆಣ್ಣುಮಕ್ಕಳ ಸಂಕಟ ಹೆಚ್ಚಾಯಿತು. ಗಮನಿಸಬೇಕಾದುದು ಅವರನ್ನು ಕಾಪಾಡಿದ ಮನೆಗಳ ರೀತಿ. ಗೆದ್ದ ಹುಡುಗಿಯರಿಗೆ ಮನೆಯಲ್ಲಿ ಸ್ವಾತಂತ್ರ್ಯವಿತ್ತು, ಸಾಹಸಕ್ಕೆ ಎಡೆಯಿತ್ತು. ಬೆನ್ನಿಗೆ ತಾಯಿಯೋ ಅಜ್ಜಿಯೋ ಅಕ್ಕನೋ ಇದ್ದರು. ಗೆದ್ದ ಹುಡುಗರ ಮನೆಗಳಲ್ಲಿ ಕಟ್ಟುಪಾಡಿತ್ತು, ಮೇಲ್ಪಂಕ್ತಿಯಾಗಬಲ್ಲ ಗಂಡಸೊಬ್ಬನಿದ್ದ. ಅದರ ಜೊತೆಗೆ ಮನಸ್ಸಿನ ಭಾವನೆಗಳನ್ನು ತೋಡಿಕೊಳ್ಳುವ ಅವಕಾಶವೂ ಇತ್ತು. ಲೋಕರೂಢಿ ಯಾರಿಗೆ ಯಾವುದನ್ನು ಕೊಡಲು ಹಿಂಜರಿಯುತ್ತದೆಯೋ ಅದನ್ನೇ ಈ ಬಡ ಮನೆಗಳು ಕೊಟ್ಟಿದ್ದವು.

ಎಡವಿದವರ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಹರೆಯದಲ್ಲಿ ಅಪರಾಧವೆಸಗಿದ್ದವರಲ್ಲಿ ಬಹುಮಂದಿ ಮೂವತ್ತು ದಾಟುವ ಹೊತ್ತಿಗೆ ಆ ದಾರಿ ಬಿಟ್ಟಿದ್ದರು. ಮತ್ತೆ ಓದುವ ಅವಕಾಶ, ನೆಚ್ಚಬಹುದಾದ ಸಂಗಾತಿ, ದೈವಶ್ರದ್ಧೆ ಹಲವರನ್ನು ಮೇಲೆತ್ತಿದವು. ಹಾಗೆ ಚೇತರಿಸಿಕೊಂಡವರಲ್ಲಿಯೂ ಹೆಂಗಸರೇ ಹೆಚ್ಚು.

ಅಧ್ಯಾಪಕನಾಗಿದ್ದಾಗ, ಅಮಲಿಗೆ ಬಿದ್ದ ಕೆಲವು ಹುಡುಗರನ್ನು ನಾನು ‘ಇವನ ಕಥೆ ಮುಗಿಯಿತು’ ಎಂದು ಮನಸ್ಸಿನಲ್ಲೇ ಕೈಬಿಟ್ಟದ್ದುಂಟು. ಅವರಿಗೆ ಬುದ್ಧಿ ಹೇಳಿದೆ, ಗದರಿದೆ. ಒಬ್ಬನನ್ನಾದರೂ ಹತ್ತಿರ ಕೂರಿಸಿಕೊಂಡು, ‘ಏನಪ್ಪಾ ನಿನ್ನ ಸಂಕಟ?’ ಎಂದು ಕೇಳಲಿಲ್ಲ. ಕವಾಯಿಯ ಚರಿತ್ರೆಯನ್ನು ಓದುವಾಗ ನನ್ನನ್ನು ಚುಚ್ಚಿದ್ದು ಅದೇ.